ಹದಿನಾಲ್ಕು ಸಾವಿರ ಸಾಲಿನ ಮರ

ಕಳೆದ ಮಳೆಗಾಲದ ಒಂದು ಭಾನುವಾರ ಸಂಜೆ. ಸಾಂತಾಕ್ರೂಜ್ ಪೂರ್ವದ ವಾಕೋಲಾದಲ್ಲಿ ದೊಡ್ಡಮ್ಮನ ಮನೆ. ಟೀಪಾಯಿಯ ಮೇಲೆ ನನ್ನ ಲ್ಯಾಪ್‌ಟಾಪ್, ಪಕ್ಕದಲ್ಲಿ ತಣ್ಣಗಾಗುತ್ತಿದ್ದ ಚಹಾ. ದೊಡ್ಡಮ್ಮನಿಗೆ 84 ವರ್ಷ. ಅವರು ಹೆಸರು ಹೇಳುವುದು, ನಾನು ಟೈಪ್ ಮಾಡುವುದು, ಹೀಗೆ ನಡೆದಿತ್ತು. ವಿಮಾನ ನೆತ್ತಿಯ ಮೇಲೆ ಹಾದುಹೋಗುವಾಗ ಅವರು ಮಾತು ನಿಲ್ಲಿಸುತ್ತಾರೆ, ಸದ್ದು ಕರಗಿದ ಮೇಲೆ ಬಿಟ್ಟಲ್ಲಿಂದಲೇ ಹಿಡಿಯುತ್ತಾರೆ. ಐವತ್ತು ವರ್ಷಗಳ ಅಭ್ಯಾಸ. ವಿಮಾನಕ್ಕೆ ಜಗ್ಗದ ಆ ನೆನಪಿನ ಎಳೆ ಅಂದು ನಾನು ಬರೆದ ಪ್ರೋಗ್ರಾಮಿನಿಂದ ಕಡಿದುಹೋಯಿತು.

ಕೆಲಸ ಏನೆಂದು ಮೊದಲು ಹೇಳುತ್ತೇನೆ. ಊರಿನಲ್ಲಿ ತರವಾಡು ಮನೆಯ ದೈವಸ್ಥಾನದ ಜೀರ್ಣೋದ್ಧಾರ ಎಂದರೆ ಕುಟುಂಬದವರ ಪಟ್ಟಿ ತಯಾರಾಗಲೇಬೇಕು. ಯಾರ ಮಕ್ಕಳು ಯಾರು, ಎಷ್ಟು ಮನೆ, ಯಾರು ಮುಂಬಯಿಯಲ್ಲಿ, ಯಾರು ದುಬೈಯಲ್ಲಿ. ಹಾಗೆ ಬೇರೆ ಬೇರೆ ಮನೆಯವರು ಬರೆದಿಟ್ಟ ನೋಟುಪುಸ್ತಕ, ಎಕ್ಸೆಲ್ ಹಾಳೆಗಳನ್ನು ನಾವು ನಾಲ್ಕೈದು ಜನ ಒಟ್ಟುಗೂಡಿಸಿದೆವು. ಸುಮಾರು ನಲವತ್ತು ಕುಟುಂಬ, ಹದಿನಾಲ್ಕು ಸಾವಿರ ಹೆಸರು. ಬದುಕಿರುವವರೂ ಅದರಲ್ಲಿದ್ದಾರೆ, ತೀರಿಕೊಂಡವರೂ ಇದ್ದಾರೆ. ಎಲ್ಲವನ್ನೂ ಒಂದು ಡೇಟಾಬೇಸಿಗೆ ಹಾಕಿ, ಪೆನ್‌ಡ್ರೈವಿನಲ್ಲಿ ಹಿಡಿದುಕೊಂಡು ಹಿರಿಯರ ಮನೆಗೆ ಹೋಗಿ ಬಿಟ್ಟುಹೋದ ಹೆಸರು ತುಂಬಿಸುವುದು ನಮ್ಮ ಲೆಕ್ಕ. ಹಿರಿಯರ ಮನೆ ಎಂದರೆ ವಾಕೋಲಾ, ಕಲೀನಾ, ಪ್ರಭಾತ್ ಕಾಲನಿ. ಕೆಲವು ಸಲ ಪಶ್ಚಿಮ ರೈಲ್ವೆ ಹಿಡಿದು ಮೀರಾ ರೋಡಿನವರೆಗೆ.

ಡೇಟಾಬೇಸಿನಲ್ಲಿ ಇರುವುದು ಒಂದೇ ಟೇಬಲ್. ಒಬ್ಬೊಬ್ಬರಿಗೆ ಒಂದು ಸಾಲು. ಸಾಲಿಗೊಂದು ಸಂಖ್ಯೆ, ಹೆಸರು, ಗಂಡೋ ಹೆಣ್ಣೋ, ಹುಟ್ಟಿದ ಕ್ರಮ, ಕೊನೆಗೆ ತಾಯಿಯ ಸಂಖ್ಯೆ. ತಂದೆಯ ಸಂಖ್ಯೆ ಯಾಕಲ್ಲ ಎಂದು ಈ ಅಂಕಣದ ತುಳುನಾಡಿನ ಓದುಗರು ಕೇಳಲಾರರು. ಉಳಿದವರಿಗಾಗಿ ಹೇಳುವುದಾದರೆ, ನಮ್ಮದು ಅಳಿಯಸಂತಾನ. ಮಗು ತಾಯಿಯ ಕುಟುಂಬಕ್ಕೆ ಸೇರಿದ್ದು, ತಾಯಿಯ ಬರಿಗೆ ಸೇರಿದ್ದು. ಆಸ್ತಿಯ ವಿಷಯದಲ್ಲಿ 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಹಳಷ್ಟನ್ನು ಬದಲಿಸಿತು. ಆದರೂ ಇವತ್ತಿಗೂ ಮುಂಬಯಿಯಲ್ಲಿ ಹುಟ್ಟಿ ಬೆಳೆದ ಹುಡುಗ ಹುಡುಗಿಯ ಮದುವೆ ಮಾತು ಬಂದರೆ ಬರಿ ಒಂದೇ ಅಲ್ಲವಷ್ಟೆ ಎಂದು ಕೇಳದೆ ಮುಂದುವರಿಯುವ ಮನೆ ಕಡಿಮೆ.

ಇಂಥ ಟೇಬಲನ್ನು ತೋರಿಸಲು ಎಲ್ಲರಿಗೂ ಗೊತ್ತಿರುವ ರೂಪ ಒಂದಿದೆ. ಕಂಪ್ಯೂಟರಿನಲ್ಲಿ ಫೋಲ್ಡರುಗಳ ಪಟ್ಟಿ ನೋಡಿದ್ದೀರಲ್ಲ? ಹೆಸರಿನ ಎಡಕ್ಕೆ ಸಣ್ಣ ಬಾಣ, ಒತ್ತಿದರೆ ಒಳಗಿನವು ಒಂದು ಹೆಜ್ಜೆ ಬಲಕ್ಕೆ ಸರಿದು ಕೆಳಗೆ ಇಳಿಯುತ್ತವೆ. ಅದೇ ಟ್ರೀ ವಿಜೆಟ್. ವಿಂಡೋಸ್ 95 ಬಂದ ಮೇಲೆ ಮನೆಮನೆಗೂ ಪರಿಚಯವಾದ ಆಕಾರ. ಅಜ್ಜಿಯ ಹೆಸರಿನ ಬಾಣ ಒತ್ತಿದರೆ ಅವರ ಮಕ್ಕಳು, ಮಗಳ ಬಾಣ ಒತ್ತಿದರೆ ಮೊಮ್ಮಕ್ಕಳು. ಇದಕ್ಕಿಂತ ಸರಳ ಏನಿದೆ ಎಂದು ನಾನೂ ಅಂದುಕೊಂಡು ಎರಡು ರಾತ್ರಿಯಲ್ಲಿ ಬರೆದು ಮುಗಿಸಿದ್ದೆ. ಪೈಥಾನ್ ಭಾಷೆ, ಪರದೆಗೆ ಕ್ಯೂಟ್ ಎಂಬ ಸಲಕರಣೆ, ಕೆಳಗೆ ಎಸ್‌ಕ್ಯೂಲೈಟ್ ಡೇಟಾಬೇಸ್. ನನ್ನ ಮನೆಯಲ್ಲಿ ಐನೂರು ಹೆಸರು ಹಾಕಿ ಪರೀಕ್ಷಿಸಿದಾಗ ಚಕಚಕನೆ ಓಡಿತು. ಐನೂರರಲ್ಲಿ ಓಡಿದ್ದು ಹದಿನಾಲ್ಕು ಸಾವಿರದಲ್ಲೂ ಓಡುತ್ತದೆ ಎಂದು ನಂಬುವುದು ನಮ್ಮ ಕಸುಬಿನ ಹಳೆಯ ರೋಗ.

ಆ ಭಾನುವಾರ ದೊಡ್ಡಮ್ಮ ಹೇಳುತ್ತಿದ್ದದ್ದು ಅವರ ಅಜ್ಜಿಯ ಚಿಕ್ಕಮ್ಮನ ಕವಲು. ಘಟ್ಟದ ಮೇಲೆ ಕಾಫಿ ತೋಟಕ್ಕೆ ಹೋಗಿ ಅಲ್ಲೇ ನಿಂತವರು. ಯಾವ ನೋಟುಪುಸ್ತಕದಲ್ಲೂ ಅವರಿಲ್ಲ. ದೊಡ್ಡಮ್ಮನೂ ಅವರನ್ನು ನೋಡಿದವರಲ್ಲ, ಚಿಕ್ಕವರಿದ್ದಾಗ ಅಜ್ಜಿಯ ಬಾಯಲ್ಲಿ ಕೇಳಿದ್ದು. ಒಂದೊಂದು ಹೆಸರು ಹಾಕಿ ‘ಉಳಿಸು’ ಒತ್ತಿದಾಗಲೂ ಪರದೆ ನಲವತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಕಲ್ಲಿನಂತೆ ನಿಲ್ಲುತ್ತಿತ್ತು. ಆಮೇಲೆ ಮರವೇನೋ ಬರುತ್ತಿತ್ತು, ಆದರೆ ತೆರೆದಿದ್ದ ಕೊಂಬೆಗಳೆಲ್ಲ ಮುಚ್ಚಿಕೊಂಡು ಮತ್ತೆ ಬುಡದಿಂದ. ನಾನು ಮತ್ತೆ ಬಾಣ ಒತ್ತುತ್ತ ಒತ್ತುತ್ತ ಇಳಿಯಬೇಕು. ಅಷ್ಟರಲ್ಲಿ ದೊಡ್ಡಮ್ಮ, ‘ನಾನು ಯಾರನ್ನು ಹೇಳುತ್ತಿದ್ದೆ ಮಗಾ?’ ಎನ್ನುವರು.

ಒಂಬತ್ತನೆಯ ಹೆಸರಿಗೆ ನನ್ನ ತಾಳ್ಮೆ ತಪ್ಪಿತು. ನಿಂತ ಪರದೆಯ ಮೇಲೆ ನಾಲ್ಕಾರು ಸಲ ಟಕಟಕ ಒತ್ತಿದೆ. ಕಿಟಕಿ ಬೆಳ್ಳಗಾಗಿ ಮೇಲೆ ‘ನಾಟ್ ರೆಸ್ಪಾಂಡಿಂಗ್’ ಎಂದು ಬಂತು. ಐದು ನಿಮಿಷ ಕಾದೆ. ಕೊನೆಗೆ ಟಾಸ್ಕ್ ಮ್ಯಾನೇಜರ್ ತೆರೆದು ಪ್ರೋಗ್ರಾಮನ್ನು ಕೊಂದೆ. ಮತ್ತೆ ತೆರೆದು ನೋಡಿದರೆ ಒಂಬತ್ತರಲ್ಲಿ ಒಂದು ಹೆಸರೂ ಇಲ್ಲ.

‘ಇರಲಿ, ಇನ್ನೊಮ್ಮೆ ಹೇಳುತ್ತೇನೆ’ ಎಂದರು ದೊಡ್ಡಮ್ಮ. ಆದರೆ ದಣಿದಿದ್ದರು. ಎರಡು ಹೆಸರು ಹೇಳಿ ಮೂರನೆಯದಕ್ಕೆ ತಡವರಿಸಿದರು. ಮುಂದಿನ ವಾರ ಬರುತ್ತೇನೆ ಎಂದು ನಾನು ಎದ್ದೆ.

ಆಮೇಲಿನ ಎರಡು ವಾರ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಪತ್ರಿಕೆ ಓದುವವರಲ್ಲಿ ಅರ್ಧಕ್ಕರ್ಧ ಜನ ಯಾವುದೋ ಕಂಪೆನಿಯಲ್ಲಿ ಇಂಥದೇ ಟೇಬಲಿನ ಎದುರು ಕೂತವರು. ಅಲ್ಲಿ ತಾಯಿಯ ಸಂಖ್ಯೆಯ ಬದಲು ಮ್ಯಾನೇಜರ ಸಂಖ್ಯೆ ಇರುತ್ತದೆ, ಅಷ್ಟೆ.

ಮೊದಲು ಪರದೆ ಯಾಕೆ ನಿಂತಿತು ಎಂಬುದು. ನನ್ನ ಪ್ರೋಗ್ರಾಮ್ ಮರ ಕಟ್ಟುತ್ತಿದ್ದದ್ದು ಹೀಗೆ. ತಾಯಿಯ ಸಂಖ್ಯೆ ಇಲ್ಲದ ನಲವತ್ತು ಮೂಲಸ್ತ್ರೀಯರನ್ನು ತರುವುದು. ಅವರಲ್ಲಿ ಒಬ್ಬೊಬ್ಬರಿಗೂ ‘ಇವರು ಯಾರ ತಾಯಿ?’ ಎಂದು ಡೇಟಾಬೇಸನ್ನು ಕೇಳುವುದು. ಬಂದ ಒಬ್ಬೊಬ್ಬರಿಗೂ ಮತ್ತೆ ಅದೇ ಪ್ರಶ್ನೆ. ಹೀಗೆ ಎಲೆಯ ತುದಿಯವರೆಗೆ. ಹದಿನಾಲ್ಕು ಸಾವಿರ ಜನ ಎಂದರೆ ಹದಿನಾಲ್ಕು ಸಾವಿರ ಪ್ರಶ್ನೆ. ಸಾಲದ್ದಕ್ಕೆ ಹೆಸರಿನ ಮುಂದೆ ಮಕ್ಕಳ ಸಂಖ್ಯೆ ತೋರಿಸುವ ಚಪಲಕ್ಕೆ ಎಣಿಕೆಯ ಪ್ರಶ್ನೆ ಬೇರೆ, ಗಂಡನ ಹೆಸರಿಗೆ ಇನ್ನೊಂದು. ಒಟ್ಟು 42 ಸಾವಿರ.

ಅದರಲ್ಲೂ ಮೊದಲ ಪ್ರಶ್ನೆಯ ಕಥೆ ನೋಡಿ. ತಾಯಿಯ ಸಂಖ್ಯೆಯ ಮೇಲೆ ನಾನು ಇಂಡೆಕ್ಸ್ ಹಾಕಿರಲಿಲ್ಲ. ಇಂಡೆಕ್ಸ್ ಇಲ್ಲದ ಟೇಬಲಿನಲ್ಲಿ ಹುಡುಕುವುದೆಂದರೆ ಸಭಾಂಗಣದ ಬಾಗಿಲಲ್ಲಿ ನಿಂತು ಒಳಗಿರುವ ಪ್ರತಿಯೊಬ್ಬರನ್ನೂ ‘ನಿಮ್ಮ ತಾಯಿ ಇವರೇನಾ?’ ಎಂದು ಕೇಳುತ್ತ ಹೋದಂತೆ. ಒಂದು ಪ್ರಶ್ನೆಗೆ ಹದಿನಾಲ್ಕು ಸಾವಿರ ಸಾಲು ನೋಡಬೇಕು. ಹದಿನಾಲ್ಕು ಸಾವಿರ ಪ್ರಶ್ನೆಗೆ? 19 ಕೋಟಿ 60 ಲಕ್ಷ. ಎಣಿಕೆಯ ಪ್ರಶ್ನೆಗೂ ಅಷ್ಟೇ. ಐನೂರು ಹೆಸರಿನ ಪರೀಕ್ಷೆಯಲ್ಲಿ ಇದೇ ಲೆಕ್ಕ ಬರೀ ಎರಡೂವರೆ ಲಕ್ಷ. ಹೆಸರು 28 ಪಟ್ಟಾದರೆ ಕೆಲಸ 784 ಪಟ್ಟಾಗುತ್ತದೆ. ನನ್ನ ಮನೆಯಲ್ಲಿ ಚಕಚಕನೆ ಓಡಿದ್ದರ ಗುಟ್ಟು ಇಷ್ಟೇ.

ಇಂಡೆಕ್ಸ್ ಹಾಕುವುದು ಒಂದು ಸಾಲಿನ ಕೆಲಸ. ತಾಯಿಯ ಸಂಖ್ಯೆಯನ್ನು ಕ್ರಮವಾಗಿ ಜೋಡಿಸಿ ಡೇಟಾಬೇಸ್ ತನ್ನಲ್ಲೇ ಇನ್ನೊಂದು ಪಟ್ಟಿ ಇಟ್ಟುಕೊಳ್ಳುತ್ತದೆ. ತಮಾಷೆಯೆಂದರೆ ಆ ಪಟ್ಟಿಯೂ ಒಂದು ಮರವೇ, ಬಿ-ಟ್ರೀ ಎನ್ನುತ್ತಾರೆ. ಕ್ರಮವಾಗಿರುವ ಹದಿನಾಲ್ಕು ಸಾವಿರದಲ್ಲಿ ಅರ್ಧರ್ಧ ಮಾಡುತ್ತ ಹುಡುಕಿದರೂ ಹದಿನಾಲ್ಕು ಹೆಜ್ಜೆಯೊಳಗೆ ಸಿಗುತ್ತದೆ. ಬಿ-ಟ್ರೀಗೆ ಅಷ್ಟೂ ಬೇಡ. ಈ ಒಂದು ಸಾಲಿನಿಂದ ನಲವತ್ತು ಸೆಕೆಂಡು ಏಳೆಂಟಕ್ಕೆ ಇಳಿಯಿತು. ಇಷ್ಟಕ್ಕೇ ಖುಷಿಯಾಗಿ ನಿಲ್ಲಿಸುವವರು ಬಹಳ ಜನ, ನಾನೂ ಒಂದು ದಿನ ನಿಲ್ಲಿಸಿದ್ದೆ. ಆದರೆ ಏಳೆಂಟು ಸೆಕೆಂಡು ಎಂದರೆ ವಿಂಡೋಸ್ ಲೆಕ್ಕದಲ್ಲಿ ಈಗಲೂ ಸತ್ತಂತೆಯೇ. ಒಂದು ಕಿಟಕಿ ಐದು ಸೆಕೆಂಡು ಯಾವ ಸಂದೇಶಕ್ಕೂ ಓಗೊಡದಿದ್ದರೆ ವಿಂಡೋಸ್ ಅದನ್ನು ಮೂರ್ಛೆ ಹೋಗಿದೆ ಎಂದು ತಿಳಿದು ಬಿಳಿಚಿಸಿಬಿಡುತ್ತದೆ. ಒಳಗೆ ಕೆಲಸ ನಡೆಯುತ್ತಲೇ ಇರುತ್ತದೆ. ಆ ಹೊತ್ತಿನಲ್ಲಿ ನಾವು ಒತ್ತಿದ ಪ್ರತಿ ಒತ್ತೂ ಸರದಿಯಲ್ಲಿ ನಿಲ್ಲುತ್ತದೆ. ಆ ಸಂಜೆ ನಾನು ಸಿಟ್ಟಿನಲ್ಲಿ ಒತ್ತಿದ ಆರು ಒತ್ತುಗಳು ಆರು ಸಲ ಮರ ಕಟ್ಟುವ ಆಜ್ಞೆಗಳಾಗಿ ಸಾಲಾಗಿ ನಿಂತಿದ್ದವು. ಪ್ರೋಗ್ರಾಮ್ ಸತ್ತಿರಲಿಲ್ಲ. ನಾನು ಹೇಳಿದ್ದನ್ನೇ ಮಾಡುತ್ತಿತ್ತು.

ಉಳಿದ ಏಳೆಂಟು ಸೆಕೆಂಡು ಹೋಗುತ್ತಿದ್ದದ್ದು ಡೇಟಾಬೇಸಿನಲ್ಲಿ ಅಲ್ಲ, ಪರದೆಯಲ್ಲಿ. ಇಲ್ಲೇ ಹೆಚ್ಚಿನವರು ದಾರಿ ತಪ್ಪುವುದು. ಡೇಟಾಬೇಸ್ ನಿಧಾನ ಎಂದು ದೂರುತ್ತ ದೊಡ್ಡ ಸರ್ವರ್ ಕೇಳುತ್ತಾರೆ, ನಿಜವಾದ ಕಳ್ಳ ವಿಜೆಟ್ಟಿನೊಳಗೆ ಕೂತಿರುತ್ತಾನೆ. ನಾನು ಬಳಸಿದ್ದ ಸಿದ್ಧ ವಿಜೆಟ್ ಪ್ರತಿ ಸಾಲಿಗೂ ತನ್ನದೇ ಒಂದು ವಸ್ತುವನ್ನು ಹುಟ್ಟಿಸುತ್ತಿತ್ತು. ಅಕಾರಾದಿ ಜೋಡಣೆಯನ್ನು ಚಾಲೂ ಇಟ್ಟೇ ಸಾಲು ಸೇರಿಸುತ್ತಿದ್ದರಿಂದ ಪ್ರತಿ ಹೊಸ ಹೆಸರಿಗೂ ಅದರ ಜಾಗ ಹುಡುಕುವ ಕೆಲಸ. ಎಲ್ಲಕ್ಕಿಂತ ದುಬಾರಿಯಾಗಿದ್ದದ್ದು, ಹೆಸರಿನ ಕಾಲಂ ಎಷ್ಟು ಅಗಲ ಬೇಕೆಂದು ತಾನಾಗಿಯೇ ಲೆಕ್ಕ ಹಾಕು ಎಂದು ನಾನು ಕೊಟ್ಟಿದ್ದ ಅಪ್ಪಣೆ. ಅಗಲ ತಿಳಿಯಲು ಅದು ಹೆಸರುಗಳನ್ನು ಒಂದೊಂದಾಗಿ ಅಳೆಯಬೇಕು.

ಇಲ್ಲಿ ಕನ್ನಡದ್ದೇ ಆದ ಒಂದು ಮಾತಿದೆ. ಇಂಗ್ಲಿಷ್ ಹೆಸರನ್ನು ಅಳೆಯುವುದು ಸುಲಭ, ಅಕ್ಷರಗಳ ಅಗಲ ಕೂಡಿಸಿದರೆ ಮುಗಿಯಿತು. ಕನ್ನಡದಲ್ಲಿ ‘ಲಕ್ಷ್ಮೀ’ ಎಂಬ ಎರಡಕ್ಷರದ ಹಿಂದೆ ಲ, ಕ, ವಿರಾಮ, ಷ, ವಿರಾಮ, ಮ, ದೀರ್ಘ ಈಕಾರ ಎಂದು ಏಳು ಸಂಕೇತಗಳು ಕೂತಿವೆ. ಯಾವುದು ಒತ್ತಾಗಬೇಕು, ಗುಣಿತದ ಗೆರೆ ಎಲ್ಲಿ ಸೇರಬೇಕು ಎಂದು ಫಾಂಟಿನ ನಿಯಮ ನೋಡಿ ಜೋಡಿಸಿದ ಮೇಲೆಯೇ ಅಗಲ ಗೊತ್ತಾಗುವುದು. ಈ ಜೋಡಣೆ ಮಾಡುವ ಹಾರ್ಫ್‌ಬಜ್ ಎಂಬ ತಂತ್ರಾಂಶ ಬಹಳ ಚುರುಕಿನದು, ಅದರ ತಪ್ಪೇನೂ ಇಲ್ಲ. ಆದರೆ ಕಣ್ಣಿಗೆ ಬೀಳದ ಹದಿಮೂರು ಸಾವಿರ ಚಿಲ್ಲರೆ ಹೆಸರುಗಳನ್ನು ಜೋಡಿಸಿ, ಅಳೆದು, ಬದಿಗಿಡುವುದು ಯಾವ ಸುಖಕ್ಕೆ? ಕಾಲಂ ಅಗಲವನ್ನು ನಾನೇ ಒಂದು ಅಳತೆಗೆ ನಿಲ್ಲಿಸಿದೆ. ಎಲ್ಲ ಸಾಲುಗಳ ಎತ್ತರ ಒಂದೇ ಎಂದು ಹೇಳುವ ಸೌಲಭ್ಯ ಕ್ಯೂಟ್‌ನಲ್ಲಿದೆ, ಯೂನಿಫಾರ್ಮ್ ರೋ ಹೈಟ್ಸ್ ಎಂದು, ಅದನ್ನೂ ಹಾಕಿದೆ. ಜಿಟಿಕೆ ಬಳಸುವವರಿಗೆ ಫಿಕ್ಸೆಡ್ ಹೈಟ್ ಮೋಡ್, ಜಾವಾ ಸ್ವಿಂಗ್‌ನವರಿಗೆ ಲಾರ್ಜ್ ಮಾಡೆಲ್ ಎಂದು ಇದಕ್ಕೆ ಅಣ್ಣತಮ್ಮಂದಿರಿದ್ದಾರೆ. ವಿಂಡೋಸ್ ಫಾರ್ಮ್ಸ್‌ನವರು ಸಾಲು ತುಂಬುವ ಮುಂಚೆ ಬಿಗಿನ್ ಅಪ್‌ಡೇಟ್, ಮುಗಿದ ಮೇಲೆ ಎಂಡ್ ಅಪ್‌ಡೇಟ್ ಕರೆಯುವುದನ್ನು ಮರೆಯಬಾರದು, ಇಲ್ಲವಾದರೆ ಪ್ರತಿ ಸಾಲಿಗೂ ಪರದೆ ಮತ್ತೆ ಬರೆಯಲ್ಪಡುತ್ತದೆ.

ಇದೆಲ್ಲ ಮಾಡುತ್ತಿರುವಾಗ ಒಂದು ರಾತ್ರಿ ನನಗೆ ಹೊಳೆದದ್ದು ಬೇರೆ. ನನ್ನ ಲ್ಯಾಪ್‌ಟಾಪಿನ ಪರದೆಯಲ್ಲಿ ಒಂದು ಸಲಕ್ಕೆ ಕಾಣುವುದು ಮೂವತ್ತು ಸಾಲು. ದೊಡ್ಡಮ್ಮನಿಗಾಗಿ ಅಕ್ಷರ ದೊಡ್ಡದು ಮಾಡಿದರೆ ಹದಿನೆಂಟು. ಹದಿನೆಂಟು ಸಾಲು ತೋರಿಸಲು ಹದಿನಾಲ್ಕು ಸಾವಿರವನ್ನು ಯಾಕೆ ತರುತ್ತಿದ್ದೇನೆ?

ದೊಡ್ಡಮ್ಮನನ್ನೇ ನೋಡಿ. ‘ಕುಟುಂಬದವರ ಹೆಸರು ಹೇಳಿ’ ಎಂದರೆ ಅವರು ಏನೂ ಹೇಳಲಾರರು. ‘ನಿಮ್ಮ ಅಜ್ಜಿಗೆ ಎಷ್ಟು ಮಕ್ಕಳು?’ ಎಂದರೆ ಐದು ಹೆಸರು ಬರುತ್ತದೆ. ‘ಅದರಲ್ಲಿ ಮೂರನೆಯವರಿಗೆ?’ ಎಂದರೆ ಮತ್ತೆ ನಾಲ್ಕು. ಕೇಳಿದಷ್ಟೇ ಕೊಡುವುದು. ಮರದ ವಿಜೆಟ್ಟಿಗೂ ಇದೇ ದಾರಿ. ಶುರುವಿನಲ್ಲಿ ನಲವತ್ತು ಮೂಲಸ್ತ್ರೀಯರನ್ನು ಮಾತ್ರ ತರಬೇಕು. ಬಾಣ ಒತ್ತಿದ ಮೇಲೆ ಆ ಒಬ್ಬರ ಮಕ್ಕಳನ್ನು ತಂದರೆ ಸಾಕು. ಕ್ಯೂಟ್‌ನಲ್ಲಿ ಇದಕ್ಕೆ ಸಿದ್ಧ ವಿಜೆಟ್ ಬಿಟ್ಟು ಮಾಡೆಲ್ ಬೇರೆ, ನೋಟ ಬೇರೆ ಎಂಬ ವ್ಯವಸ್ಥೆಗೆ ಹೋಗಬೇಕು. ಆಗ ನೋಟವು ‘ಇವರಿಗೆ ಮಕ್ಕಳಿದ್ದಾರಾ? ಇನ್ನೂ ತರಲಿಕ್ಕಿದೆಯಾ? ಹಾಗಾದರೆ ತಾ’ ಎಂದು ಮಾಡೆಲನ್ನು ತಾನೇ ಕೇಳುತ್ತದೆ. ಡೆಲ್ಫಿಯ ಕಾಲದಲ್ಲಿ ಮೈಕ್ ಲಿಷ್ಕೆ ಬರೆದ ವರ್ಚುವಲ್ ಟ್ರೀವ್ಯೂ ಇದೇ ತತ್ತ್ವದಿಂದ ಹೆಸರು ಮಾಡಿತ್ತು. ಸಾಲಿನ ಹೆಸರನ್ನು ಅದು ತನ್ನಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ, ಬರೆಯಬೇಕಾದ ಕ್ಷಣದಲ್ಲಿ ಕೇಳಿ ಪಡೆಯುತ್ತಿತ್ತು.

ಆದರೆ ಬಾಣ ತೋರಿಸಬೇಕೋ ಬೇಡವೋ ಎಂದು ತಿಳಿಯಲು ಮಕ್ಕಳಿದ್ದಾರೆಯೇ ಎಂದು ಮೊದಲೇ ಗೊತ್ತಿರಬೇಕಲ್ಲ? ಅದನ್ನು ಸಾಲಿಗೊಂದರಂತೆ ಕೇಳಿದರೆ ಹಳೆಯ ಕಥೆ ಹಿಂಬಾಗಿಲಿನಿಂದ ಬಂದಂತೆ. ಮಕ್ಕಳನ್ನು ತರುವ ಪ್ರಶ್ನೆಯಲ್ಲೇ ‘ಇವರನ್ನು ತಾಯಿಯಾಗಿ ಉಳ್ಳ ಸಾಲು ಒಂದಾದರೂ ಇದೆಯೇ’ ಎಂಬುದನ್ನೂ ಸೇರಿಸಿ ಕೇಳಬಹುದು, ಇಂಡೆಕ್ಸ್ ಇದ್ದರೆ ಅದು ಅಗ್ಗ. ಇಲ್ಲಿ ನನಗೆ ನೆರವಿಗೆ ಬಂದದ್ದು ಮಾತ್ರ ಯಾವ ಕಂಪ್ಯೂಟರ್ ಪುಸ್ತಕವೂ ಅಲ್ಲ. 1949ರ ಮದರಾಸು ಅಳಿಯಸಂತಾನ ಕಾಯಿದೆ.

ಆ ಕಾಯಿದೆಯಲ್ಲಿ ‘ಕವರು’ ಎಂಬ ಶಬ್ದಕ್ಕೆ ಅರ್ಥ ಕೊಟ್ಟಿದ್ದಾರೆ. ಒಬ್ಬ ಹೆಂಗಸಿನ ಕವರು ಎಂದರೆ ಅವಳು, ಅವಳ ಮಕ್ಕಳು, ಮತ್ತು ಹೆಣ್ಣಿನ ಸಾಲಿನಲ್ಲಿ ಇಳಿದು ಬಂದ ಅವಳ ಸಂತತಿಯೆಲ್ಲ. ಗಂಡಸಿನ ಕವರು ಎಂದರೆ ಅವನ ತಾಯಿಯ ಕವರು. ವಕೀಲರು ಆಸ್ತಿ ಪಾಲಿಗಾಗಿ ಬರೆದ ವ್ಯಾಖ್ಯೆ ಇದು. ಆದರೆ ಮರದ ಒಂದು ಗಂಟು ಮತ್ತು ಅದರ ಕೆಳಗಿನ ಎಲ್ಲ ಕೊಂಬೆ ಎಂಬುದನ್ನು ಇದಕ್ಕಿಂತ ಚೊಕ್ಕವಾಗಿ ಹೇಳಿದ ಗಣಕಶಾಸ್ತ್ರದ ಪುಸ್ತಕವನ್ನು ನಾನು ಓದಿಲ್ಲ. ಇದರ ಪ್ರಕಾರ ನಮ್ಮ ಮರದಲ್ಲಿ ಗಂಡಸು ಯಾವತ್ತೂ ಎಲೆ. ಅವನ ಮಕ್ಕಳು ಅವನ ಹೆಂಡತಿಯ ಮರದಲ್ಲಿ ಸಿಗುತ್ತಾರೆ. ಹಾಗಾಗಿ ಗಂಡು ಎಂದು ಬರೆದಿರುವ ಸಾಲಿಗೆ ಡೇಟಾಬೇಸನ್ನು ಕೇಳುವ ಅಗತ್ಯವೇ ಇಲ್ಲ, ಬಾಣವಿಲ್ಲ. ಹತ್ತಿರಹತ್ತಿರ ಅರ್ಧದಷ್ಟು ಸಾಲುಗಳ ವಿಚಾರಣೆ ಅಲ್ಲಿಗೇ ಮುಗಿಯಿತು. ಮದರಾಸಿನ ಶಾಸಕರಿಗೆ ಇಂಥ ಉಪಕಾರ ಮಾಡಿದ ಅಂದಾಜೂ ಇದ್ದಿರಲಾರದು.

ಮರವನ್ನು ಟೇಬಲಿನಲ್ಲಿ ಇಡುವ ಈ ಪಾಡೇ ಒಂದು ಹಳೆಯ ಜಗಳದ ಫಲ. 1960ರ ದಶಕದಲ್ಲಿ ಅಪೊಲೊ ಯೋಜನೆಯ ರಾಕೆಟ್ಟಿನ ಬಿಡಿಭಾಗಗಳ ಲೆಕ್ಕ ಇಡಲು ಐಬಿಎಂ ಕಟ್ಟಿದ ಐಎಂಎಸ್ ಎಂಬ ವ್ಯವಸ್ಥೆಯಲ್ಲಿ ಮಾಹಿತಿ ಇದ್ದದ್ದೇ ಮರದ ರೂಪದಲ್ಲಿ. ಮೇಲಿನಿಂದ ಕೆಳಕ್ಕೆ ಹೋಗಲು ಬಲು ಚುರುಕು, ಅಡ್ಡ ದಾರಿಯಲ್ಲಿ ಏನಾದರೂ ಕೇಳಿದರೆ ಕಷ್ಟ. 1970ರಲ್ಲಿ ಅದೇ ಐಬಿಎಂನ ಎಡ್ಗರ್ ಕಾಡ್, ಮರ ಬೇಡ, ಎಲ್ಲವನ್ನೂ ಟೇಬಲುಗಳಾಗಿ ಇಡೋಣ ಎಂದು ಲೇಖನ ಬರೆದರು. ಲೋಕವೆಲ್ಲ ಅವರ ಹಿಂದೆ ಹೋಯಿತು. ಮರವನ್ನು ಕಡಿದು ಹಲಗೆ ಮಾಡಿಟ್ಟುಕೊಂಡ ನಾವು ಪರದೆಯ ಮೇಲೆ ಮತ್ತೆ ಮರ ನಿಲ್ಲಿಸಲು ಒದ್ದಾಡುತ್ತಿದ್ದೇವೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಸೀಪ್ಜ್‌ನ ಒಂದು ಕಂಪೆನಿಯಲ್ಲಿ ಯಂತ್ರದ ಬಿಡಿಭಾಗಗಳ ಇಂಥದೇ ಮರ ಬರೆದು ಇಂಥದೇ ತಪ್ಪು ಮಾಡಿದ್ದೆ. ಆಗ ಬೈಸಿಕೊಂಡಿದ್ದೆ ಕೂಡ. 1973ರಲ್ಲಿ ಶುರುವಾದ ಆ ರಫ್ತು ವಲಯದ ಹೆಸರಿನ ಮೊದಲ ಅಕ್ಷರ ಸಾಂತಾಕ್ರೂಜ್‌ನದು, ಜಾಗ ಮಾತ್ರ ಅಂಧೇರಿಯದು. ಸಾಂತಾಕ್ರೂಜ್ ಸ್ಟೇಷನ್ನಿನಲ್ಲಿ ಇಳಿದು ಸೀಪ್ಜ್ ಎಲ್ಲಿ ಎಂದು ಕೇಳಿದವರ ಸಾಲಿನಲ್ಲಿ ನಾನೂ ಒಬ್ಬ.

ಬೇಕಾದಾಗ ಮಾತ್ರ ತರುವ ಮರಕ್ಕೆ ಅದರದೇ ತೊಂದರೆಗಳಿವೆ. ಒಂದು ಹುಡುಕಾಟ. ‘ಅಕ್ಕು’ ಎಂದು ಟೈಪ್ ಮಾಡಿದರೆ ವಿಜೆಟ್ಟಿನೊಳಗೆ ಹುಡುಕಿ ಪ್ರಯೋಜನವಿಲ್ಲ, ಅಕ್ಕು ಇನ್ನೂ ಅಲ್ಲಿಗೆ ಬಂದೇ ಇಲ್ಲ. ಡೇಟಾಬೇಸನ್ನು ಕೇಳಿ, ಅವಳ ತಾಯಿ, ಆ ತಾಯಿಯ ತಾಯಿ ಎಂದು ಬುಡದವರೆಗೆ ಹತ್ತಿ, ಆ ದಾರಿಯ ಬಾಣಗಳನ್ನಷ್ಟೇ ತೆರೆಯಬೇಕು. ತನ್ನನ್ನೇ ಮತ್ತೆ ಮತ್ತೆ ಕರೆದುಕೊಳ್ಳುವ ಒಂದು ಕ್ವೆರಿಯಲ್ಲಿ ಇದಿಷ್ಟೂ ಆಗುತ್ತದೆ. ಎಸ್‌ಕ್ಯೂಲೈಟ್‌ಗೆ ಈ ವಿದ್ಯೆ 2014ರಲ್ಲಿ ಬಂತು, ಪೋಸ್ಟ್‌ಗ್ರೆಸ್‌ಗೆ 2009ರಲ್ಲೇ. ಆರೇಳು ತಲೆಮಾರು ಎಂದರೆ ಆರೇಳು ಹೆಜ್ಜೆ.

ಇನ್ನೊಂದು ತೊಂದರೆ ನಮ್ಮ ಪದ್ಧತಿಯದು. ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುತ್ತೇವೆ. ಯಾರೋ ಒಬ್ಬರು ತಾಯಿಯ ಜಾಗದಲ್ಲಿ ಅದೇ ಹೆಸರಿನ ಮೊಮ್ಮಗಳ ಸಂಖ್ಯೆ ಹಾಕಿದ್ದರು. ಅಲ್ಲಿಗೆ ಅಜ್ಜಿ ತನ್ನ ಮೊಮ್ಮಗಳ ಮಗಳಾದಳು. ಹತ್ತುತ್ತ ಹೋದ ಕ್ವೆರಿ ಸುತ್ತಲೇ ಇತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ಬುಡದಿಂದ ಇಳಿದು ಬಂದರೆ ಆ ಇಡೀ ಮನೆ ಎಲ್ಲೂ ಕಾಣುವುದೇ ಇಲ್ಲ, ಯಾಕೆಂದರೆ ಅವರು ಈಗ ಯಾವ ಬುಡಕ್ಕೂ ಸೇರಿಲ್ಲ. ಮರದಲ್ಲಿ ಕಾಣುವವರನ್ನು ಎಣಿಸಿ ಟೇಬಲಿನ ಸಾಲುಗಳಿಗೆ ತಾಳೆ ನೋಡಿದಾಗ 11 ಜನ ಕಡಿಮೆ ಬಂದರು, ಹಾಗೆ ಸಿಕ್ಕಿಬಿದ್ದದ್ದು. ಈಗ ಹತ್ತುವ ಕ್ವೆರಿಗೆ ಒಮ್ಮೆ ಕಂಡವರನ್ನು ಮತ್ತೆ ನೋಡಬೇಡ ಎಂದು ಕಟ್ಟು ಹಾಕಿದ್ದೇನೆ.

‘ಎಲ್ಲ ತೆರೆ’ ಎಂಬ ಗುಂಡಿಯನ್ನು ತೆಗೆದೇಬಿಟ್ಟೆ. ನಮ್ಮ ಗುಂಪಿನಲ್ಲಿ ಒಬ್ಬರಿಗೆ ಬೇಸರವಾಯಿತು, ಇಡೀ ಮರ ಒಟ್ಟಿಗೆ ಕಾಣಬೇಡವೇ ಎಂದರು. ಹದಿನಾಲ್ಕು ಸಾವಿರ ಸಾಲನ್ನು ಮೂವತ್ತು ಮೂವತ್ತರಂತೆ ಜಾರಿಸುತ್ತ ಹೋದರೆ ನಾನೂರ ಅರವತ್ತೇಳು ಪರದೆ. ಯಾರು ನೋಡುತ್ತಾರೆ? ಅವರಿಗೆ ಮುದ್ರಿಸಿ ಕೊಡುತ್ತೇನೆ ಎಂದಿದ್ದೇನೆ.

ಇನ್ನು ಆ ಒಂಬತ್ತು ಹೆಸರು ಯಾಕೆ ಹೋದವು ಎಂಬುದು. ಇದು ನನ್ನದೇ ಜಾಣತನದ ಫಲ. ಎಕ್ಸೆಲ್ ಹಾಳೆಗಳಿಂದ ಸಾಲುಗಳನ್ನು ತುಂಬಿಸುವಾಗ ಬಹಳ ನಿಧಾನವಾಗುತ್ತಿತ್ತು. ಎಸ್‌ಕ್ಯೂಲೈಟ್ ಪ್ರತಿ ವ್ಯವಹಾರ ಮುಗಿದಾಗಲೂ ಬರೆದದ್ದು ಡಿಸ್ಕಿಗೆ ನಿಜವಾಗಿ ಇಳಿಯಿತೇ ಎಂದು ಖಾತ್ರಿ ಮಾಡಿಕೊಳ್ಳುತ್ತದೆ. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಹಾಗೆ ಸೆಕೆಂಡಿಗೆ ಕೆಲವು ಹತ್ತು ವ್ಯವಹಾರ ಮಾತ್ರ ಸಾಧ್ಯ. ಸಾವಿರಾರು ಸಾಲುಗಳನ್ನು ಒಂದೇ ವ್ಯವಹಾರದಲ್ಲಿ ಕಟ್ಟಿ ಕೊನೆಗೊಮ್ಮೆ ಖಾಯಂ ಮಾಡಿದರೆ ಕ್ಷಣದಲ್ಲಿ ಮುಗಿಯುತ್ತದೆ. ನಾನು ಹಾಗೆಯೇ ಮಾಡಿದ್ದೆ, ಪ್ರೋಗ್ರಾಮ್ ಸರಿಯಾಗಿ ಮುಚ್ಚುವಾಗ ಮಾತ್ರ ಖಾಯಂ. ತುಂಬಿಸುವ ಕೆಲಸ ಮುಗಿದ ಮೇಲೆ ಅದನ್ನು ಮೊದಲಿನಂತೆ ಮಾಡಲು ಮರೆತಿದ್ದೆ. ದೊಡ್ಡಮ್ಮನ ಮನೆಯಲ್ಲಿ ‘ಉಳಿಸು’ ಒತ್ತಿದಾಗ ಹೆಸರು ಮರದಲ್ಲಿ ಕಾಣುತ್ತಿತ್ತು, ಯಾಕೆಂದರೆ ಖಾಯಂ ಆಗದ ಸಾಲನ್ನೂ ಬರೆದ ಸಂಪರ್ಕಕ್ಕೆ ಡೇಟಾಬೇಸ್ ತೋರಿಸುತ್ತದೆ. ಕಂಡಿತು, ಆದ್ದರಿಂದ ಉಳಿಯಿತು ಎಂದು ನಂಬಿದೆ. ಪ್ರೋಗ್ರಾಮನ್ನು ಕೊಂದಾಗ ಎಸ್‌ಕ್ಯೂಲೈಟ್ ತನ್ನ ಧರ್ಮದಂತೆ ಅರ್ಧಕ್ಕೆ ನಿಂತ ವ್ಯವಹಾರವನ್ನು ಅಳಿಸಿ ಹಿಂದಿನ ಸ್ಥಿತಿಗೆ ಹೋಯಿತು. ಈಗ ಹೆಸರಿಗೊಂದು ವ್ಯವಹಾರ. ಹೆಸರು ಹೇಳುವವರ ವೇಗಕ್ಕೆ ಅದು ಧಾರಾಳವಾಗಿ ಸಾಕು.

ಉಳಿಸಿದ ಮೇಲೆ ಇಡೀ ಮರವನ್ನು ಮತ್ತೆ ಕಟ್ಟುವುದನ್ನೂ ನಿಲ್ಲಿಸಿದೆ. ಒಂದು ಹೆಸರು ಸೇರಿದರೆ ಆ ತಾಯಿಯ ಕೆಳಗೆ ಒಂದು ಸಾಲು ಬಂತು ಎಂದು ಮಾಡೆಲ್ ನೋಟಕ್ಕೆ ಹೇಳಿದರೆ ಮುಗಿಯಿತು. ತೆರೆದ ಕೊಂಬೆ ತೆರೆದೇ ಇರುತ್ತದೆ. ಸೆಕೆಂಡುಗಳ ಲೆಕ್ಕದಲ್ಲಿ ಇದು ದೊಡ್ಡ ಉಳಿತಾಯವೇನಲ್ಲ, ಆ ಹೊತ್ತಿಗಾಗಲೇ ಮರ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಬರುತ್ತಿತ್ತು. ಆದರೆ ‘ಯಾರನ್ನು ಹೇಳುತ್ತಿದ್ದೆ ಮಗಾ’ ಎಂಬ ಪ್ರಶ್ನೆ ನಿಂತದ್ದು ಇದರಿಂದ. ಅಕಾರಾದಿ ಜೋಡಣೆಯನ್ನು ಬಿಟ್ಟು ಹುಟ್ಟಿದ ಕ್ರಮಕ್ಕೆ ಬಂದದ್ದರಿಂದ ಕೂಡ. ಅವರು ಹೇಳುವುದು ಹಿರಿಯರಿಂದ ಕಿರಿಯರಿಗೆ, ಪರದೆಯೂ ಅದೇ ಸಾಲಿನಲ್ಲಿ ಬಂದರೆ ಎಳೆ ಕಡಿಯುವುದಿಲ್ಲ.

ಮೂರನೆಯ ಭಾನುವಾರ ಮತ್ತೆ ಹೋದೆ. ದೊಡ್ಡಮ್ಮ ಆ ಕವಲನ್ನು ಮೊದಲಿನಿಂದ ಹೇಳಿದರು. ಆರು ಹೆಸರು ಬಂದವು. ಒಂಬತ್ತಿತ್ತು ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ನಾನು ಟೈಪ್ ಮಾಡಿದವನು, ನನಗಾದರೂ ನೆನಪಿರಬೇಕಿತ್ತು. ಪರದೆ ಯಾವಾಗ ಬರುತ್ತದೋ ಎಂದು ನೋಡುತ್ತ ಕೂತವನು ಹೆಸರು ಎಲ್ಲಿ ಕೇಳಿಸಿಕೊಂಡೆ? ಊರಿಗೆ ಫೋನ್ ಮಾಡಿ ಅವರ ತಂಗಿಯನ್ನು ಕೇಳಿದೆವು, ಅವರಿಗೆ ಆ ಕವಲು ಇದ್ದದ್ದೇ ಹೊಸ ಸುದ್ದಿ.

ಹೆಸರಿಲ್ಲದಿದ್ದರೂ ಜಾಗ ಇರಲಿ ಎಂದು ಮೂರು ಸಾಲು ಸೇರಿಸಿದೆ. ಹೆಸರಿನ ಜಾಗದಲ್ಲಿ ಒಂದು ಅಡ್ಡಗೆರೆ. ಗಂಡೋ ಹೆಣ್ಣೋ ಎಂಬಲ್ಲಿಗೆ ಬಂದಾಗ ಕೈ ನಿಂತಿತು. ಗಂಡು ಎಂದರೆ ಬಾಣ ಇಲ್ಲ. ಹೆಣ್ಣು ಎಂದು ಬರೆದು ಮಕ್ಕಳ ಸಾಲು ಇಲ್ಲದಿದ್ದರೂ ಬಾಣ ಇಲ್ಲ. ಖಾಲಿ ಬಿಟ್ಟರೆ ಏನು ತೋರಿಸಬೇಕೆಂದು ನಾನು ಪ್ರೋಗ್ರಾಮಿಗೆ ಹೇಳಿಯೇ ಇರಲಿಲ್ಲ. ದೊಡ್ಡಮ್ಮನನ್ನು ಕೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರ ಬಗ್ಗಿದರು.

‘ಒತ್ತಿದರೆ ಏನು ಬರುತ್ತದೆ?’

‘ಏನೂ ಬರುವುದಿಲ್ಲ ದೊಡ್ಡಮ್ಮಾ. ಖಾಲಿ.’

‘ಇರಲಿ, ಬಾಣ ಹಾಕು’ ಎಂದರು. ಹಾಕಿದೆ.